ಬೀಗರ ನುಡಿ ಯಾವುದು?



ಬೆಂಗಳೂರಿನ ಉತ್ತರ ಭಾಗದ ಬಡಾವಣೆಗಳಲ್ಲಿ ಈಚೆಗೆ ಹೊಸ ಪ್ರಶ್ನೆಯೊಂದು ಕೇಳಿಬರುತ್ತಿದೆ. ಹಿಂದೆ ಯಶವಂತಪುರ, ಹೆಬ್ಬಾಳಗಳ ಮನೆಗಳಲ್ಲಿ ಮಕ್ಕಳಿಗೆ ಇಂಗ್ಲಿಷು ಬಂದರೆ ಸಾಕೆನ್ನುತ್ತಿದ್ದರು. ತರುವಾಯ ಜರ್ಮನ್ ಎಂದರು, ಜಪಾನಿ ಎಂದರು. ಈಗ “ಚೀನೀ ಭಾಷೆಯಲ್ಲಿ ನಾಲ್ಕು ಮಾತು ಕಲಿಯಬೇಕಾಗಿದೆ, ಹೇಗೆ?” ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಯಲಹಂಕ, ದೊಡ್ಡಬಳ್ಳಾಪುರಗಳ ಮಗ್ಗದ ಮನೆಗಳಿಗೆ ‘ಚೀನಾ ರೇಷ್ಮೆ’ ಎಂಬುದು ಬಹುಕಾಲದಿಂದ ಪರಿಚಿತವಾದ ಮಾತು. ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಯು ದೇವನಹಳ್ಳಿ–ದೊಡ್ಡಬಳ್ಳಾಪುರ ಸೀಮೆಯಲ್ಲಿ 2023ರಲ್ಲಿ ಸುಮಾರು 300 ಎಕರೆ ಭೂಮಿ ಪಡೆದು ಕಾರ್ಖಾನೆ ಕಟ್ಟಿತು. 2025ರಲ್ಲಿ ಅಲ್ಲಿ ಫೋನುಗಳ ತಯಾರಿಕೆ ಆರಂಭವಾಯಿತು. ಓದಿಗೆಂದು, ಉದ್ಯೋಗಕ್ಕೆಂದು ಹಾಂಗ್‌ಕಾಂಗ್, ಶಾಂಘೈ, ಸಿಂಗಪುರಗಳಿಗೆ ಹೋದ ಮಕ್ಕಳು ನಮ್ಮ ಪರಿಚಯದ ಹಲವು ಮನೆಗಳಲ್ಲಿದ್ದಾರೆ.

ಆದರೆ ‘ಹೇಗೆ’ ಎಂದು ಕೇಳುವವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮರೆಯುತ್ತಾರೆ. ಯಾವ ಚೀನೀ ಭಾಷೆ? ಮ್ಯಾಂಡರಿನೋ, ಕ್ಯಾಂಟನೀಸೋ? ಇದನ್ನು ಕೇಳದೆ ಹೋದುದರಿಂದ ನಮ್ಮ ಬೀದಿಯ ತಾಯಿಯೊಬ್ಬರು ಎಂಥ ಇಕ್ಕಟ್ಟಿಗೆ ಸಿಲುಕಿದರೆಂಬುದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಯಲಹಂಕ ಉಪನಗರದಲ್ಲಿ ನಮ್ಮ ಎದುರುಮನೆಯ ಅಕ್ಕನವರು ಗದಗಿನ ಕಡೆಯವರು. ಅವರ ಯಜಮಾನರು ಇಲ್ಲಿಯ ರೈಲುಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಬ್ಬನೇ ಮಗ, ಹಾಂಗ್‌ಕಾಂಗ್‌ನ ಬ್ಯಾಂಕೊಂದರಲ್ಲಿ ಗಣಕಯಂತ್ರದ ಕೆಲಸ. ಅಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬಳನ್ನು ಮದುವೆಯಾಗುವೆನೆಂದು ಆತ ತಿಳಿಸಿದಾಗ ಮನೆಯಲ್ಲಿ ಕೆಲವು ದಿನ ಮೌನ ಕವಿದದ್ದುಂಟು. ಕೊನೆಗೆ ಮೌನ ಮುರಿದವರು ಅಕ್ಕನವರೇ. “ಹುಡುಗಿ ನಮ್ಮ ಮನೀಗೆ ಬರಾಕಿ. ಆಕಿ ಮಾತು ನಾನಾದ್ರೂ ಕಲೀಬೇಕಲ್ರೀ” ಎಂದರು. ಆ ಹುಡುಗಿಗೆ ತಂದೆತಾಯಿಗಿಂತ ಅಜ್ಜಿಯೇ ಹೆಚ್ಚು. ತಾಯಿಯ ತಾಯಿಯೇ ಅವಳನ್ನು ಸಾಕಿ ಬೆಳೆಸಿದ್ದು. ಆ ಅಜ್ಜಿಗೆ ಇಂಗ್ಲಿಷು ಬಾರದು. ಆದ್ದರಿಂದ ಅಕ್ಕನವರು ಮೂರು ತಿಂಗಳು ಪ್ರತಿದಿನ ಬೆಳಗಿನ ಪೂಜೆ ಮುಗಿದ ಮೇಲೆ ಒಂದು ಗಂಟೆ ಮೊಬೈಲಿನಲ್ಲಿ ‘ಚೀನೀ ಪಾಠ’ ಕೇಳಿದರು, ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತುಂಬಿಸಿದರು. ಅರವತ್ತು ವಾಕ್ಯ, ಹತ್ತರವರೆಗೆ ಎಣಿಕೆ, ಬಂಧುವಾಚಕ ಪದಗಳು, ಎಲ್ಲವೂ ಬಾಯಿಪಾಠ. ಆ ಪಾಠಗಳೆಲ್ಲ ಮ್ಯಾಂಡರಿನ್ನಿನವು. ಹಾಂಗ್‌ಕಾಂಗ್‌ನ ಅಜ್ಜಿಯ ನುಡಿ ಕ್ಯಾಂಟನೀಸ್. ಇದನ್ನು ಹೇಳುವವರು ಯಾರೂ ಇರಲಿಲ್ಲ. ತಾಯಿಯ ಈ ಅಭ್ಯಾಸ ಮಗನಿಗೆ ತಿಳಿದಿರಲಿಲ್ಲ, ಅವನನ್ನು ಬೆರಗುಗೊಳಿಸಬೇಕೆಂದು ಅವರು ಗುಟ್ಟಾಗಿಟ್ಟಿದ್ದರು.

ಚೀನೀಯರ ಮದುವೆಯಲ್ಲಿ ಒಂದು ಮುಖ್ಯ ಸಂಪ್ರದಾಯವಿದೆ. ವಧೂವರರು ಹಿರಿಯರ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಚಹಾದ ಬಟ್ಟಲು ನೀಡುತ್ತಾರೆ. ಹಿರಿಯರು ಅದನ್ನು ಕುಡಿದರೆ ಸೊಸೆಯನ್ನು ಮನೆಗೆ ಒಪ್ಪಿಸಿಕೊಂಡಂತೆ. ಆಮೇಲೆ ಕೆಂಪು ಲಕೋಟೆಯಲ್ಲಿ ಹಣವನ್ನೋ ಒಡವೆಯನ್ನೋ ಉಡುಗೊರೆ ಕೊಡುತ್ತಾರೆ. ಹುಡುಗಿ ಮೊದಲು ಮಾವನವರಿಗೆ ಕೊಟ್ಟಳು, ಅವರು ಕುಡಿದರು. ಬಳಿಕ ಅಕ್ಕನವರ ಮುಂದೆ ಬಟ್ಟಲು ಹಿಡಿದು “ನಾಯ್ ನಾಯ್, ಯಮ್ ಛಾ” ಎಂದಳು. ‘ಛಾ’ ಎಂದರೆ ಚಹಾ ಎಂಬುದು ಅಕ್ಕನವರಿಗೆ ತಿಳಿಯಿತು. ಆದರೆ ಅವರ ನೋಟುಪುಸ್ತಕದಲ್ಲಿ ‘ನಾಯ್ ನಾಯ್’ ಎಂದರೆ ತಂದೆಯ ತಾಯಿ, ಅಜ್ಜಿ! ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಕುಳಿತಿದ್ದಾರೆ. ಹಿರಿಯರಿಗೆ ಮೊದಲು ಕೊಡಬೇಕೆಂಬುದು ನಮ್ಮ ಮನೆಗಳ ರೀತಿಯೂ ಹೌದು. ಅಕ್ಕನವರು ನಗುತ್ತ ಬಟ್ಟಲನ್ನು ಅಜ್ಜಿಯ ಕಡೆಗೆ ಸರಿಸಿದರು.

ಕೋಣೆ ಸ್ತಬ್ಧವಾಯಿತು. ಹುಡುಗಿಯ ಕೈ ನಡುಗಿ ಬಟ್ಟಲು ಕದಲಿತು. ಅತ್ತೆಯಾಗುವವರು ಎಲ್ಲರ ಎದುರು ಸೊಸೆಯ ಚಹಾ ಬೇಡವೆಂದರೆಂದೇ ನೆರೆದವರು ತಿಳಿದರು. ಮಗ ಬಾಗಿ, “ಅವ್ವಾ, ನಿನಗೇ ಕರ್ಯಾಕತ್ತಾಳ, ನೀನೇ ಕುಡಿಬೇಕು” ಎಂದು ಕಿವಿಯಲ್ಲಿ ಹೇಳಿದ ಮೇಲೆ ಅವರು ಬಟ್ಟಲನ್ನು ಬಾಚಿ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದರಂತೆ. ಊರಿಗೆ ಮರಳಿದ ದಿನ ನೋಟುಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ಅಣ್ಣಾರ, ಮೂರು ತಿಂಗಳ ಓದು ಹೊಳ್ಯಾಗ ಹುಣಸೀಹಣ್ಣ ತೊಳದಂಗ ಆತು ನೋಡ್ರಿ” ಎಂದು ಕಣ್ಣೊರೆಸಿಕೊಂಡರು.

ನಾನು ಚೀನೀ ಪಂಡಿತನಲ್ಲ. ಆದರೆ ಮೇಷ್ಟರಾಗಿದ್ದವನಿಗೆ ಪುಸ್ತಕ ತಿರುವುವ ಚಟ ಬಿಡದು. ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮ್ಯಾಂಡರಿನ್, ಕ್ಯಾಂಟನೀಸ್ ಎಂಬವು ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎಂಬಂತೆ ಒಂದೇ ನುಡಿಯ ಎರಡು ಧಾಟಿಗಳಲ್ಲ. ಒಂದನ್ನು ಮಾತ್ರ ಬಲ್ಲವನಿಗೆ ಇನ್ನೊಂದು ಕಿವಿಗೆ ಬಿದ್ದರೆ, ಕನ್ನಡ ಮಾತ್ರ ಬಲ್ಲವನಿಗೆ ತಮಿಳು ಕೇಳಿದಂತಾಗುತ್ತದೆ. ಆದರೆ ಬರವಣಿಗೆ ಬಹುಮಟ್ಟಿಗೆ ಸಮಾನ. ಇದು ಹೇಗೆಂದು ಕೇಳುವಿರಿ. 5 ಎಂಬ ಅಂಕಿಯನ್ನು ಬರೆದು ತೋರಿಸಿದರೆ ನಾವು ‘ಐದು’ ಎನ್ನುತ್ತೇವೆ, ತಮಿಳರು ‘ಅಂಜು’ ಎನ್ನುತ್ತಾರೆ, ಹಿಂದಿಯವರು ‘ಪಾಂಚ್’ ಎನ್ನುತ್ತಾರೆ. ಚೀನಾದ ಅಕ್ಷರಗಳೂ ಹಾಗೆಯೇ. ಕಣ್ಣಿಗೆ ಒಂದು, ಕಿವಿಗೆ ಹಲವು. ಅಲ್ಲದೆ ಒಂದೇ ಅಕ್ಷರಕ್ಕೆ ಎರಡು ನಾಡುಗಳಲ್ಲಿ ಬೇರೆ ಬೇರೆ ಅರ್ಥ ಬಳಕೆಗೆ ಬಂದದ್ದೂ ಉಂಟು. ಅಕ್ಕನವರನ್ನು ಕೆಡವಿದ್ದು ಇದೇ. ‘ನಾಯ್ ನಾಯ್’ ಎಂಬುದು ಮ್ಯಾಂಡರಿನ್ನಿನಲ್ಲಿ ತಂದೆಯ ತಾಯಿ; ಕ್ಯಾಂಟನೀಸಿನಲ್ಲಿ ಗಂಡನ ತಾಯಿ, ಅಂದರೆ ಅತ್ತೆ. ‘ಫೋ ಫೋ’ ಎಂಬುದು ಮ್ಯಾಂಡರಿನ್ನಿನಲ್ಲಿ ಅತ್ತೆ. ಕ್ಯಾಂಟನೀಸಿನಲ್ಲಿ ತಾಯಿಯ ತಾಯಿ. ಒಂದರ ಅತ್ತೆ ಇನ್ನೊಂದರ ಅಜ್ಜಿ, ಒಂದರ ಅಜ್ಜಿ ಇನ್ನೊಂದರ ಅತ್ತೆ!

ಈ ಎರಡು ಹೆಸರುಗಳ ಕಥೆಯೂ ಸ್ವಾರಸ್ಯವಾಗಿದೆ. ‘ಮ್ಯಾಂಡರಿನ್’ ಎಂಬುದರ ಮೂಲ ನಮ್ಮ ಸಂಸ್ಕೃತದ ‘ಮಂತ್ರಿ’ ಶಬ್ದ. ಅದು ಮಲಯ ಭಾಷೆಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಿಗೆ ಸಿಕ್ಕಿ, ಚೀನಾದ ಅಧಿಕಾರಿಗಳಿಗೆ ಹೆಸರಾಯಿತು. ಬಳಿಕ ಆ ಅಧಿಕಾರಿಗಳು ಆಡುತ್ತಿದ್ದ ನುಡಿಗೂ ಅಂಟಿತು. 1956ರಲ್ಲಿ ಚೀನಾ ಸರ್ಕಾರ ಬೀಜಿಂಗಿನ ಉಚ್ಚಾರಣೆಯನ್ನು ಆಧಾರವಾಗಿಟ್ಟುಕೊಂಡು ಇದನ್ನು ದೇಶದ ಸಾಮಾನ್ಯ ನುಡಿಯಾಗಿ ಹರಡತೊಡಗಿತು. 1958ರಲ್ಲಿ ಅದನ್ನು ರೋಮನ್ ಲಿಪಿಯಲ್ಲಿ ಬರೆಯುವ ‘ಪಿನ್‌ಯಿನ್’ ಪದ್ಧತಿ ಜಾರಿಗೆ ಬಂದಿತು. ತೈವಾನಿನ ಕಚೇರಿ, ಶಾಲೆಗಳ ಭಾಷೆಯೂ ಮ್ಯಾಂಡರಿನ್ನೇ. ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಎರಡನೆಯ ಭಾಷೆಯಾಗಿ ಕಲಿತವರನ್ನೂ ಸೇರಿಸಿದರೆ ಅದನ್ನಾಡುವವರು ನೂರು ಕೋಟಿಗೂ ಹೆಚ್ಚು.

ಕ್ಯಾಂಟನ್ ಎಂಬುದು ಚೀನಾದ ದಕ್ಷಿಣದ ಗುವಾಂಗ್‌ಝೌ ನಗರಕ್ಕೆ ಪಾಶ್ಚಾತ್ಯರು ಕೊಟ್ಟಿದ್ದ ಹೆಸರು. 1757ರಿಂದ 1842ರವರೆಗೆ ಪಾಶ್ಚಾತ್ಯ ವ್ಯಾಪಾರಿಗಳ ಹಡಗುಗಳಿಗೆ ತೆರೆದಿದ್ದ ಬಂದರು ಅದೊಂದೇ. ಆ ಸೀಮೆಯ ನುಡಿಯೇ ಕ್ಯಾಂಟನೀಸ್. ಗುವಾಂಗ್‌ಡಾಂಗ್ ಪ್ರಾಂತದ ಹಳೆಯ ಮನೆಗಳು, ಹಾಂಗ್‌ಕಾಂಗ್, ಮಕಾವ್, ಮಲೇಷ್ಯದ ಕ್ವಾಲಾಲಂಪುರ ಮತ್ತು ಇಪೋ, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಹಳೆಯ ಚೀನೀ ಕೇರಿ, ಇಲ್ಲೆಲ್ಲ ಅದು ಮನೆಮಾತು. ಹಾಂಗ್‌ಕಾಂಗ್ 1997ರ ಜುಲೈ 1ರಂದು ಬ್ರಿಟಿಷರ ಕೈಯಿಂದ ಚೀನಾಕ್ಕೆ ಮರಳಿತು. ಶಾಲೆಗಳಲ್ಲಿ ಮ್ಯಾಂಡರಿನ್ನಿನ ಪಾಠ ಹೆಚ್ಚಿತು. ಆದರೂ 2021ರ ಜನಗಣತಿಯಲ್ಲಿ ನೂರಕ್ಕೆ 88 ಮಂದಿ ತಮ್ಮ ನಿತ್ಯದ ಮಾತು ಕ್ಯಾಂಟನೀಸ್ ಎಂದೇ ಬರೆಸಿದರು.

ಈ ನುಡಿಯ ಮೇಲೆ ಅದನ್ನಾಡುವವರಿಗಿರುವ ಅಭಿಮಾನ ಸಣ್ಣದಲ್ಲ. ಗುವಾಂಗ್‌ಝೌ ದೂರದರ್ಶನದ ಮುಖ್ಯ ಕಾರ್ಯಕ್ರಮಗಳನ್ನು ಮ್ಯಾಂಡರಿನ್ನಿಗೆ ಬದಲಿಸುವ ಸಲಹೆ ಬಂದಾಗ, 2010ರ ಜುಲೈನಲ್ಲಿ ಅಲ್ಲಿಯ ಜನ ಬೀದಿಗಿಳಿದರು. 1982ರ ಗೋಕಾಕ್ ಚಳವಳಿಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಗಪುರದಲ್ಲಿ 1979ರಿಂದ ‘ಮ್ಯಾಂಡರಿನ್ ಆಡಿರಿ’ ಎಂಬ ಸರ್ಕಾರಿ ಅಭಿಯಾನ ನಡೆಯಿತು. ಅದರಿಂದ ಚೀನೀಯರು ಒಂದೇ ನುಡಿಗೆ ಬಂದರೆಂಬುದು ನಿಜ, ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳಿಗೆ ಅಜ್ಜಿಯ ಮಾತು ತಪ್ಪಿಹೋಯಿತೆಂಬುದೂ ನಿಜ.

ಇನ್ನು ಕಲಿಕೆಯ ವಿಚಾರ. ಎರಡೂ ಸ್ವರಭೇದದ ಭಾಷೆಗಳು. ನಾವು ‘ಹೂಂ’ ಎಂಬ ಒಂದೇ ದನಿಯನ್ನು ಏರಿಸಿ ಕೇಳಿದರೆ ಪ್ರಶ್ನೆ, ಇಳಿಸಿದರೆ ಒಪ್ಪಿಗೆ, ಎಳೆದರೆ ಬೇಸರ. ನಮ್ಮಲ್ಲಿ ದನಿ ಬದಲಾದರೆ ಭಾವ ಬದಲಾಗುತ್ತದೆ. ಅವರಲ್ಲಿ ಪದವೇ ಬದಲಾಗುತ್ತದೆ. ‘ಮಾಯ್’ ಎಂಬುದನ್ನು ಒಂದು ದನಿಯಲ್ಲಿ ನುಡಿದರೆ ಕೊಳ್ಳುವುದು, ಇನ್ನೊಂದು ದನಿಯಲ್ಲಿ ನುಡಿದರೆ ಮಾರುವುದು; ಇದು ಎರಡೂ ನುಡಿಗಳಲ್ಲಿ ಹಾಗೆಯೇ. ಮ್ಯಾಂಡರಿನ್ನಿನಲ್ಲಿ ಇಂಥ ದನಿಗಳು ನಾಲ್ಕು, ಕ್ಯಾಂಟನೀಸಿನಲ್ಲಿ ಆರು. ಪುಸ್ತಕ, ಪಾಠ, ಪರೀಕ್ಷೆಗಳೂ ಮ್ಯಾಂಡರಿನ್ನಿಗೇ ಹೆಚ್ಚು. ಆದ್ದರಿಂದ ಹೊಸಬರಿಗೆ ಮ್ಯಾಂಡರಿನ್ ಸುಲಭವೆನ್ನುವುದು ತಪ್ಪಲ್ಲ.

ಆದರೆ ಕನ್ನಡಿಗನ ಕಿವಿ ಬರಿಗೈಯಲ್ಲಿ ಹೋಗುವುದಿಲ್ಲ. ಪಿನ್‌ಯಿನ್ ಬರಹದಲ್ಲಿ ರೋಮನ್ ‘ಬಿ’ ಎಂದಿರುವುದು ನಿಜವಾಗಿ ನಮ್ಮ ಪ. ‘ಪಿ’ ಎಂದಿರುವುದು ಮಹಾಪ್ರಾಣದ ಫ. ಹಾಗೆಯೇ ‘ಡಿ’ ಎಂಬುದು ತ, ‘ಟಿ’ ಎಂಬುದು ಥ. ‘ಜಿ’ ಎಂಬುದು ಕ, ‘ಕೆ’ ಎಂಬುದು ಖ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಒಂದನೆಯ ತರಗತಿಯಲ್ಲೇ ಒಪ್ಪಿಸಿದ ನಮಗೆ ಇದು ಕಷ್ಟವಲ್ಲ. ಆದ್ದರಿಂದ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿರಿ. ದನಿಯ ಏರಿಳಿತಕ್ಕೆ ಮೇಲೊಂದು ಗೆರೆ ಹಾಕಿರಿ. ಇನ್ನೊಂದು ಮಾತು. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ಕುಳಿತ ಙ ಕಾರದಿಂದ ಆರಂಭವಾಗುವ ಪದ ನಮಗೆ ಬಳಕೆಯಲ್ಲಿಲ್ಲ. ಕ್ಯಾಂಟನೀಸಿನಲ್ಲಿ ‘ನಾನು’ ಎನ್ನುವುದಕ್ಕೆ ‘ಙೊ’. ಐದು ಎಂಬ ಸಂಖ್ಯೆಗಂತೂ ‘ಙ್’ ಎಂಬ ವ್ಯಂಜನವೊಂದೇ ಸಾಕು. ನಾವು ಎಚ್ಚರ ವಹಿಸಬೇಕಾದುದು ಬೇರೆಡೆ. ಕ್ಯಾಂಟನೀಸಿನಲ್ಲಿ ಒಂದಕ್ಕೆ ‘ಯತ್’, ಹತ್ತಕ್ಕೆ ‘ಸಪ್’. ಬಸ್ ಅನ್ನು ಬಸ್ಸು ಮಾಡುವ ನಮ್ಮ ನಾಲಿಗೆ ಇವನ್ನು ‘ಯತ್ತು’, ‘ಸಪ್ಪು’ ಮಾಡಲು ಕಾದಿರುತ್ತದೆ. ತುಟಿ ಮುಚ್ಚಿದಲ್ಲೇ ನಿಲ್ಲಿಸಬೇಕು. ಮ್ಯಾಂಡರಿನ್ನಿನಲ್ಲಿ ಈ ತೊಡಕಿಲ್ಲ. ಅಲ್ಲಿ ಒಂದಕ್ಕೆ ‘ಈ’.

ಮ್ಯಾಂಡರಿನ್ನಿನಲ್ಲಿ ‘ನೀ’ ಎಂದರೆ ನೀನು. ನಮಗೆ ಮರೆಯುವಂತೆಯೇ ಇಲ್ಲ. ಹಿರಿಯರಿಗೆ ‘ನೀವು’ ಎನ್ನುವಲ್ಲಿ ಅವರು ‘ನಿನ್’ ಎನ್ನುತ್ತಾರೆ. ನಮ್ಮ ಕಿವಿಗೆ ಏಕವಚನದಂತೆ ಕೇಳಿದರೂ ಅದು ಗೌರವದ ಮಾತು. ಕ್ಯಾಂಟನೀಸಿನ ದಿನಬಳಕೆಯಲ್ಲಿ ಹಿರಿಯರ ಗೌರವವೆಲ್ಲ ಬಂಧುತ್ವದ ಹೆಸರು ಹಿಡಿದು ಕರೆಯುವುದರಲ್ಲೇ ಇದೆ. ಆದ್ದರಿಂದಲೇ ಆ ಚಹಾದ ಬಟ್ಟಲಿನ ಮುಂದೆ ‘ನಾಯ್ ನಾಯ್’ ಎಂಬ ಕರೆಗೆ ಅಷ್ಟು ತೂಕ.

ಕೃತಜ್ಞತೆ ಹೇಳುವುದರಲ್ಲಿಯೂ ಭೇದವಿದೆ. ಮ್ಯಾಂಡರಿನ್ನಿನಲ್ಲಿ ‘ಶಿಯೆ ಶಿಯೆ’ ಎಂಬ ಒಂದೇ ಮಾತು ಎಲ್ಲಕ್ಕೂ ಸಾಕು. ಕ್ಯಾಂಟನೀಸಿನಲ್ಲಿ ಎರಡು. ಯಾರಾದರೂ ನೀರು ಕೊಟ್ಟರೆ, ದಾರಿ ಬಿಟ್ಟರೆ ‘ಮ್ ಕೋಯ್’. ಉಡುಗೊರೆ ಕೊಟ್ಟರೆ, ಮನೆಗೆ ಕರೆದು ಉಣಿಸಿದರೆ ‘ತೋ ಚೆ’. ಸೇವೆ ಬೇರೆ, ಕೊಡುಗೆ ಬೇರೆ ಎಂಬ ವಿವೇಕ ಆ ನುಡಿಯಲ್ಲಿ ಹುದುಗಿದೆ.

ಶಾಕಾಹಾರಿಗಳಾದ ನಮ್ಮ ಮನೆಗಳವರು ಯಾವುದನ್ನು ಮರೆತರೂ ಮರೆಯಬಾರದ ವಾಕ್ಯ ಇನ್ನೊಂದಿದೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಮೀನಿನ ಸಾರು, ಸಿಂಪಿಯ ರಸ ಸೇರಿಬಿಡಬಹುದು. ಮ್ಯಾಂಡರಿನ್ನಿನಲ್ಲಿ ‘ವೋ ಛಿ ಸೂ’ ಎನ್ನಬೇಕು, ಅಂದರೆ ನಾನು ಸಸ್ಯಾಹಾರ ಉಣ್ಣುವವನು. ಕ್ಯಾಂಟನೀಸಿನಲ್ಲಿ ‘ಙೊ ಸಿಕ್ ಚಾಯ್’. ಈ ‘ಚಾಯ್’ ಎಂಬುದು ಚಹಾ ಅಲ್ಲ. ಬೌದ್ಧರ ವ್ರತದ ಊಟಕ್ಕೆ ಇರುವ ಹೆಸರು. ಅಕ್ಕನವರು ಹಾಂಗ್‌ಕಾಂಗ್‌ನ ಹೋಟೆಲೊಂದರಲ್ಲಿ ‘ವೋ ಛಿ ಸೂ’ ಎಂದಾಗ ಬಡಿಸುವ ಮುದುಕಿ ಕಣ್ಣರಳಿಸಿ ನಿಂತಳಂತೆ. ಸೊಸೆ ‘ಸಿಕ್ ಚಾಯ್’ ಎಂದೊಡನೆ ಆಕೆ ಕೈಮುಗಿದು, ಸೊಪ್ಪು, ಅಣಬೆ, ಸೋಯಾ ಗಿಣ್ಣಿನ ತಟ್ಟೆಯನ್ನು ತಂದಿಟ್ಟಳಂತೆ.

ಹಾಗಾದರೆ ಯಾವುದನ್ನು ಕಲಿಯಬೇಕು? ಯಾವುದು ಸುಲಭ, ಯಾವುದಕ್ಕೆ ಜನ ಹೆಚ್ಚು ಎಂಬುದು ಎರಡನೆಯ ಪ್ರಶ್ನೆ. ಯಾರೊಡನೆ ಮಾತಾಡಬೇಕಾಗಿದೆ ಎಂಬುದೇ ಮೊದಲನೆಯದು. ನಕ್ಷೆ ನೋಡಿ ತೀರ್ಮಾನಿಸಿದರೂ ಮೋಸಹೋಗಬಹುದು. ಶೆನ್‌ಝೆನ್ ನಗರವಿರುವುದು ಕ್ಯಾಂಟನೀಸ್ ಸೀಮೆಯಾದ ಗುವಾಂಗ್‌ಡಾಂಗಿನಲ್ಲಿ, ಹಾಂಗ್‌ಕಾಂಗ್‌ನ ಗಡಿಗೆ ಅಂಟಿಕೊಂಡು. ಆದರೆ 1980ರಲ್ಲಿ ಅದು ವಿಶೇಷ ಆರ್ಥಿಕ ವಲಯವಾದ ಮೇಲೆ ಎಲ್ಲ ಪ್ರಾಂತಗಳ ಜನ ದುಡಿಯಲು ಬಂದು ನೆಲೆಸಿದ್ದರಿಂದ ಅಲ್ಲಿಯ ಬೀದಿಯ ಮಾತು ಮ್ಯಾಂಡರಿನ್. ಗಡಿ ದಾಟಿ ಹಾಂಗ್‌ಕಾಂಗ್‌ಗೆ ಬಂದರೆ ಕ್ಯಾಂಟನೀಸ್.

ನಮ್ಮ ಆರ್.ಟಿ. ನಗರದ, ಹೆಬ್ಬಾಳದ ಮಕ್ಕಳು ದೊಡ್ಡಬಳ್ಳಾಪುರದ ಕಡೆಯ ಕಾರ್ಖಾನೆಗೆ ಸೇರುವವರಾದರೆ, ಶಾಂಘೈ, ಬೀಜಿಂಗ್, ತೈಪೆಗಳಿಗೆ ಹೋಗುವವರಾದರೆ, ಚೀನಾದಲ್ಲಿ ವೈದ್ಯಶಾಸ್ತ್ರ ಓದುವವರಾದರೆ ಮ್ಯಾಂಡರಿನ್ನನ್ನೇ ಕಲಿಯಲಿ. ಬೇರೆ ಯೋಚನೆ ಬೇಡ. ತೈವಾನಿನವರ ಜೊತೆ ಕೆಲಸವಾದರೆ ಒಂದು ಮಾತು ನೆನಪಿರಲಿ: ಮಾತು ಮ್ಯಾಂಡರಿನ್ ಆದರೂ ಅಕ್ಷರ ಹಳೆಯ ಮಾದರಿಯದು, ಚೀನಾದಲ್ಲಿ 1956ರಿಂದ ಸರಳಗೊಳಿಸಿದ ಅಕ್ಷರ ಬಳಕೆಯಲ್ಲಿದೆ. ಗುವಾಂಗ್‌ಝೌ ನಗರಕ್ಕೆ ಸರಕು ಕೊಳ್ಳಲು ಹೋಗುವ ವ್ಯಾಪಾರಿಗಳಿಗೂ ಲೆಕ್ಕಾಚಾರಕ್ಕೆ ಮ್ಯಾಂಡರಿನ್ ಸಾಕು. ಅಂಗಡಿಯ ಹಿರಿಯರಿಗೆ ಕ್ಯಾಂಟನೀಸಿನಲ್ಲಿ ‘ಚೋ ಸನ್’ ಎಂದು ಬೆಳಗಿನ ವಂದನೆ ಹೇಳಿದರೆ ಮುಖ ಅರಳುತ್ತದೆ. ಹಾಂಗ್‌ಕಾಂಗ್‌ನಲ್ಲಿ ಸಂಸಾರ ಹೂಡುವವರು, ಅಲ್ಲಿಯವರೊಡನೆ ಬೀಗತನ ಬೆಳೆಸುವವರು ಮೊದಲು ಕ್ಯಾಂಟನೀಸನ್ನೇ ಕಲಿಯಬೇಕು. ಎರಡನ್ನೂ ಒಟ್ಟಿಗೆ ಆರಂಭಿಸುವುದು ಮಾತ್ರ ಬೇಡ. ಒಂದರ ದನಿ ಇನ್ನೊಂದಕ್ಕೆ ಸೇರಿ ಎರಡೂ ಕೆಡುತ್ತವೆ. ಮತ್ತು ಪುಸ್ತಕದ ಮಾತನ್ನು ಬಳಸುವ ಮುನ್ನ ಆ ಮನೆಯವರೊಬ್ಬರ ಬಾಯಲ್ಲಿ ಒಮ್ಮೆ ಕೇಳಿಬಿಡಿರಿ. ಅಕ್ಕನವರು ಗುಟ್ಟಾಗಿಡದೆ ಮಗನನ್ನು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು.

ಒಂದು ದಿನ ಈ ಮಾತುಗಳನ್ನೆಲ್ಲ ಅವರ ಮನೆಯಲ್ಲೇ ಕುಳಿತು ಹೇಳುತ್ತಿದ್ದೆ. ಅಕ್ಕನವರು “ಚಹಾ ತಗೋರಿ” ಎಂದರು. ಜೊತೆಗೆ ಬಂದಿದ್ದ ನನ್ನ ಹೆಂಡತಿ “ನನಗೆ ಟೀ ಬೇಡಮ್ಮ” ಎಂದಳು. ನಗು ಬಂತು. ಅವರ ‘ಚಹಾ’ ಬಂದಿರುವುದು ಮ್ಯಾಂಡರಿನ್, ಕ್ಯಾಂಟನೀಸ್ ಎರಡರಲ್ಲೂ ಇರುವ ‘ಛಾ’ ಎಂಬ ಮಾತಿನಿಂದ. ನಮ್ಮ ಮನೆಯ ‘ಟೀ’ ಇಂಗ್ಲಿಷಿನ ಮೂಲಕ ಬಂದಿದ್ದರೂ ಅದರ ತವರು ಚೀನಾದ ಫುಜಿಯನ್ ಕರಾವಳಿಯ ಇನ್ನೊಂದು ನುಡಿಯ ‘ತೆ’. ಚೀನಾದ ಎರಡು ನುಡಿಗಳು ಯಾವ ಕಾಲದಿಂದಲೋ ನಮ್ಮ ಅಡುಗೆಮನೆಗಳಲ್ಲಿ ಅಕ್ಕಪಕ್ಕ ಕುಳಿತಿವೆ!

ಅಕ್ಕನವರು ಹೊಸ ನೋಟುಪುಸ್ತಕ ತೆರೆದರು. ಈಗ ಪಾಠ ಹೇಳುವವಳು ಸೊಸೆಯೇ. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಹತ್ತೂವರೆಯಾದಾಗ ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಮೊಬೈಲಿನ ಪರದೆಯ ಮೇಲೆ ಅಜ್ಜಿ ಕಾಣಿಸಿಕೊಳ್ಳುತ್ತಾರೆ. ಅಕ್ಕನವರು “ಫೋ ಫೋ” ಎಂದು ಕರೆದು, “ಸಿಕ್ ಚೋ ಫ಼ಾನ್ ಮೇ ಆ?” ಎಂದು ಕೇಳುತ್ತಾರೆ. ಹಾಗೆಂದರೆ ‘ಊಟವಾಯಿತೇ?’ ಎಂದು. ಎದುರಾದವರನ್ನು ಊಟವಾಯಿತೇ ಎಂದು ವಿಚಾರಿಸುವುದು ನಮ್ಮ ನಾಡಿನಂತೆ ಅವರಲ್ಲಿಯೂ ಯೋಗಕ್ಷೇಮದ ಮೊದಲ ಮಾತು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕು, ಮೊಮ್ಮಗಳು ಕಲಿಸಿದ “ಊಟಾ ಆತ್ರೀ?” ಎಂಬುದನ್ನು ಗದಗಿನ ಧಾಟಿಯಲ್ಲೇ ಹಿಂದಿರುಗಿಸುತ್ತಾರೆ.

ಹಳೆಯ ನೋಟುಪುಸ್ತಕವೂ ವ್ಯರ್ಥವಾಗಲಿಲ್ಲ. ಅಕ್ಕನವರ ತಮ್ಮನ ಮಗನಿಗೆ ಈಚೆಗೆ ದೊಡ್ಡಬಳ್ಳಾಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅವನು ಆಶೀರ್ವಾದ ಪಡೆಯಲು ಬಂದ ದಿನ ಅದನ್ನು ಅವನ ಕೈಗಿತ್ತು, “ಇದು ನಿನ್ನ ಕೆಲಸದವರ ಮಾತು, ಚೆಂದಾಗಿ ಕಲಿ” ಎಂದರು. ಮೊದಲ ಪುಟದಲ್ಲಿ ತಾವೇ ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದರು: ಮೊದಲು ಯಾರ ಜೊತೆ ಮಾತಾಡಬೇಕೋ ಅವರನ್ನು ಕೇಳು.